ಕೆಲಸದಲ್ಲಿ ಗಾಯವಾದಾಗ ಪರಿಹಾರಕ್ಕೆ ನೀವು ಅರ್ಹರೇ? ಹಂತ ಹಂತವಾಗಿ ತಿಳಿದುಕೊಳ್ಳುವ ಬಗೆ

ಗೋದಾಮಿನಲ್ಲಿ ಮೂಟೆ ಎತ್ತುವಾಗ ಒಬ್ಬ ಕಾರ್ಮಿಕನ ಸೊಂಟ ಹಿಡಿದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಸ್ವಲ್ಪ ಹೊತ್ತು ಕುಳಿತು, ನೀರು ಕುಡಿದು, ಉಳಿದ ಪಾಳಿಯನ್ನು ಹೇಗೋ ಮುಗಿಸಿ, ಮನೆಗೆ ಹೋಗಿ ಮುಲಾಮು ಹಚ್ಚಿಕೊಂಡು ಅವನು ಮಲಗುತ್ತಾನೆ. ಮೂರನೆಯ ದಿನ ಎಡಗಾಲು ಜೋಮು ಹಿಡಿಯಲು ಶುರುವಾದಾಗ ವೈದ್ಯರ ಬಳಿಗೆ ಹೋಗುತ್ತಾನೆ. "ಎಷ್ಟು ದಿನದಿಂದ ನೋವು?" ಎಂದು ಅವರು ಕೇಳುತ್ತಾರೆ, "ಮೂರು ದಿನ" ಎಂದು ಇವನು ಹೇಳುತ್ತಾನೆ, ಚೀಟಿಯಲ್ಲಿ "ಮೂರು ದಿನಗಳಿಂದ ಬೆನ್ನುನೋವು" ಎಂಬ ಒಂದು ಸಾಲು ಬೀಳುತ್ತದೆ. ಮೂಟೆಯ ಮಾತು ಅಲ್ಲಿಲ್ಲ, ಗೋದಾಮಿನ ಮಾತೂ ಇಲ್ಲ. ತಿಂಗಳುಗಳ ನಂತರ ಪರಿಹಾರದ ಅರ್ಜಿ ವಿಚಾರಣೆಗೆ ಬಂದಾಗ ಎದುರು ಪಕ್ಷದ ವಕೀಲರು ಮೊದಲು ಎತ್ತಿ ತೋರಿಸುವುದು ಆ ಚೀಟಿಯನ್ನೇ.

ಪರಿಹಾರಕ್ಕೆ ಅರ್ಹತೆ ಎಂದಾಗ ಬಹಳ ಮಂದಿ ಕಾನೂನು ಪುಸ್ತಕದ ಕಡೆ ನೋಡುತ್ತಾರೆ. ಅದು ಬೇಕು, ನಿಜ. ಆದರೆ ನನ್ನ ತಿಳಿವಳಿಕೆಯಲ್ಲಿ ಅರ್ಹತೆಗೆ ಎರಡು ಮುಖಗಳಿವೆ: ಕಾನೂನು ನಿಮಗೆ ಹಕ್ಕು ಕೊಡುತ್ತದೆಯೇ ಎಂಬುದು ಒಂದು, ಆ ಹಕ್ಕನ್ನು ತೋರಿಸಿಕೊಡುವ ಕಾಗದ ನಿಮ್ಮ ಕೈಯಲ್ಲಿದೆಯೇ ಎಂಬುದು ಇನ್ನೊಂದು. ನಿಯಮಗಳ ವಿವರ ದೇಶದಿಂದ ದೇಶಕ್ಕೆ, ಕೆಲವು ಕಡೆ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಆದರೂ ಪ್ರತಿಯೊಂದು ವ್ಯವಸ್ಥೆಯೂ ಕೇಳುವ ಮೂಲ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ಆ ಪ್ರಶ್ನೆಗಳ ಕ್ರಮದಲ್ಲೇ ಇಲ್ಲಿ ವಿವರಿಸಿದ್ದೇನೆ.

ತಪ್ಪು ಯಾರದೆಂಬ ಚಿಂತೆಯನ್ನು ಮೊದಲು ಬದಿಗಿಡಿ

"ನನ್ನದೇ ಅಜಾಗರೂಕತೆಯಿಂದ ಆದದ್ದು, ಪರಿಹಾರ ಎಲ್ಲಿ ಸಿಗುತ್ತದೆ?" ಎಂದು ಸುಮ್ಮನಾಗುವವರು ಬಹಳ. ಇದು ಹಳೆಯ ಕಾಲದ ಕಾನೂನಿನ ನೆರಳು. ಹತ್ತೊಂಬತ್ತನೆಯ ಶತಮಾನದಲ್ಲಿ ಗಾಯಗೊಂಡ ಕಾರ್ಮಿಕನು ಮಾಲೀಕನ ತಪ್ಪನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕಾಗಿತ್ತು. ಅದಕ್ಕೆ ಪ್ರತಿಯಾಗಿ ಮಾಲೀಕನ ಬಳಿ ಮೂರು ಗುರಾಣಿಗಳಿದ್ದವು: ಗಾಯಕ್ಕೆ ಕಾರಣ ಜೊತೆ ಕೆಲಸಗಾರನ ತಪ್ಪು, ಗಾಯಾಳುವಿನದೂ ಸ್ವಲ್ಪ ತಪ್ಪಿದೆ, ಅಪಾಯ ಗೊತ್ತಿದ್ದೇ ಅವನು ಕೆಲಸಕ್ಕೆ ಸೇರಿದ್ದಾನೆ. ಜೊತೆ ಕೆಲಸಗಾರನ ತಪ್ಪಿಗೆ ಮಾಲೀಕ ಹೊಣೆಯಲ್ಲ ಎಂಬ ವಾದದ ಬೇರು 1837ರ ಒಂದು ಇಂಗ್ಲಿಷ್ ತೀರ್ಪಿನಲ್ಲಿದೆ. ಈ ಗುರಾಣಿಗಳ ಮುಂದೆ ಗೆದ್ದವರು ಕಡಿಮೆ.

1884ರಲ್ಲಿ ಜರ್ಮನಿ ಮಾಲೀಕರ ವಂತಿಗೆಯಿಂದ ನಡೆಯುವ ಅಪಘಾತ ವಿಮೆಯ ಕಾನೂನು ತಂದಿತು. 1897ರಲ್ಲಿ ಬ್ರಿಟನ್, 1898ರಲ್ಲಿ ಫ್ರಾನ್ಸ್ ತಮ್ಮ ಕಾಯ್ದೆಗಳನ್ನು ಮಾಡಿದವು. ಅಮೆರಿಕದಲ್ಲಿ 1911ರಿಂದ ಒಂದೊಂದೇ ರಾಜ್ಯ ಈ ದಾರಿ ಹಿಡಿದು 1948ರಲ್ಲಿ ಮಿಸಿಸಿಪ್ಪಿಯೊಂದಿಗೆ ಆ ಸರಣಿ ಮುಗಿಯಿತು. ಭಾರತದಲ್ಲಿ 1923ರ ಕಾರ್ಮಿಕರ ಪರಿಹಾರ ಕಾಯ್ದೆ ಬಂತು. ಇವೆಲ್ಲದರ ಹಿಂದಿರುವ ಒಪ್ಪಂದ ಒಂದೇ: ಕಾರ್ಮಿಕನು ಯಾರ ತಪ್ಪನ್ನೂ ಸಾಬೀತುಪಡಿಸಬೇಕಾಗಿಲ್ಲ, ಅದಕ್ಕೆ ಬದಲಾಗಿ ಅವನಿಗೆ ಸಿಗುವುದು ಕಾನೂನು ಗೊತ್ತುಮಾಡಿದ ಮಿತಿಯ ಮೊತ್ತ, ಮತ್ತು ಅದೇ ಗಾಯಕ್ಕೆ ಮಾಲೀಕನ ಮೇಲೆ ಬೇರೆ ದಾವೆ ಹೂಡುವ ಹಕ್ಕು ಮೊಟಕಾಗುತ್ತದೆ ಇಲ್ಲವೇ ಇಲ್ಲವಾಗುತ್ತದೆ. ಆದುದರಿಂದ ನೀವು ಕ್ಷಣಮಾತ್ರ ಗಮನ ತಪ್ಪಿ ಜಾರಿ ಬಿದ್ದಿದ್ದರೂ, ಅದೊಂದೇ ಕಾರಣಕ್ಕೆ ಅರ್ಹತೆ ಹೋಗುವುದಿಲ್ಲ. ಹೋಗುವ ಸಂದರ್ಭಗಳು ಬೇರೆ ಇವೆ. ಅವುಗಳನ್ನು ಮುಂದೆ ಹೇಳುತ್ತೇನೆ.

ಮೊದಲ ಹೆಜ್ಜೆ: ಆ ದಿನವೇ ಹೇಳಿ, ಬರೆದು ಕೊಡಿ, ವೈದ್ಯರಿಗೆ ತೋರಿಸಿ

ಕಾನೂನಿನ ಪ್ರಶ್ನೆಗಳಿಗೆ ಹೋಗುವ ಮೊದಲು ಈ ಹೆಜ್ಜೆ ಏಕೆಂದರೆ, ಉಳಿದದ್ದನ್ನು ತಡವಾಗಿಯಾದರೂ ಸರಿಪಡಿಸಬಹುದು, ಇದನ್ನು ಆಗುವುದಿಲ್ಲ. ಗಾಯ ಎಷ್ಟೇ ಸಣ್ಣದಾಗಿ ಕಂಡರೂ ಮೇಲ್ವಿಚಾರಕರಿಗೆ ಬಾಯಿಮಾತಿನಲ್ಲಿ ತಿಳಿಸಿ, ನಂತರ ಅದನ್ನೇ ಲಿಖಿತವಾಗಿ ಕೊಡಿ. ಕೆಲಸದ ಸ್ಥಳದಲ್ಲಿ ಅಪಘಾತ ಪುಸ್ತಕವಿದ್ದರೆ ಅದರಲ್ಲಿ ನಮೂದಾಗುವಂತೆ ನೋಡಿಕೊಳ್ಳಿ. ಪುಸ್ತಕವಿಲ್ಲದಿದ್ದರೆ ಮೊಬೈಲಿನಿಂದ ಕಳಿಸಿದ ಒಂದು ಸಂದೇಶವೂ ದಿನಾಂಕ ಮತ್ತು ಸಮಯವನ್ನು ಹೊತ್ತಿರುವ ದಾಖಲೆಯೇ.

ಬರಹ ಹೇಗಿರಬೇಕು? "ಕೆಲಸ ಮಾಡುವಾಗ ಬೆನ್ನಿಗೆ ಪೆಟ್ಟಾಯಿತು" ಎಂದು ಬರೆದರೆ ಸಾಲದು. ಮೇಲಿನ ಕಾರ್ಮಿಕನ ಸಂದರ್ಭದಲ್ಲಿ ಹೀಗಿರಬೇಕಿತ್ತು: "ಈ ದಿನ ಬೆಳಿಗ್ಗೆ ಸುಮಾರು 11 ಗಂಟೆಗೆ, ಎರಡನೆಯ ಗೋದಾಮಿನ ಬಾಗಿಲ ಬಳಿ, 50 ಕಿಲೋ ತೂಕದ ಮೂಟೆಯನ್ನು ನೆಲದಿಂದ ಎತ್ತಿ ಬಲಕ್ಕೆ ತಿರುಗಿದಾಗ ಸೊಂಟದ ಎಡಭಾಗದಲ್ಲಿ ಚಳುಕು ಬಂತು. ಮೂಟೆ ಕೈಯಿಂದ ಜಾರಿತು. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ನೋಡಿದ್ದಾರೆ. ಅರ್ಧ ಗಂಟೆ ಕುಳಿತು ಮತ್ತೆ ಕೆಲಸ ಮಾಡಿದೆ, ನೋವು ಕಡಿಮೆಯಾಗಲಿಲ್ಲ." ನೋಡಿದವರ ಹೆಸರು, ಗಾಯದ ಭಾಗ, ಆ ಕ್ಷಣದ ಚಲನೆ ಇವಿಷ್ಟು ಇದ್ದರೆ ಮುಂದೆ ಬರುವ ಅನುಮಾನಗಳಲ್ಲಿ ಅರ್ಧದಷ್ಟು ಇಲ್ಲಿಯೇ ಕಳಚಿಹೋಗುತ್ತವೆ. ಕೊಟ್ಟ ಪತ್ರದ ನಕಲಿನ ಮೇಲೆ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ. ಸಹಿ ಹಾಕಲು ಒಪ್ಪದಿದ್ದರೆ ನೋಂದಾಯಿತ ಅಂಚೆಯಲ್ಲೋ ಇಮೇಲಿನಲ್ಲೋ ಕಳಿಸಿ.

ವೈದ್ಯರ ಮುಂದೆ ಕುಳಿತಾಗಲೂ ಇದೇ ವಿವರವನ್ನು, ಇದೇ ಕ್ರಮದಲ್ಲಿ ಹೇಳಿ. ವೈದ್ಯರ ಗಮನ ಸಹಜವಾಗಿಯೇ ಚಿಕಿತ್ಸೆಯ ಮೇಲಿರುತ್ತದೆ. ಗಾಯ ಎಲ್ಲಿ, ಯಾವ ಕೆಲಸ ಮಾಡುವಾಗ ಆಯಿತು ಎಂಬುದನ್ನು ಅವರು ಕೇಳದೆ ಇರಬಹುದು. ಕೇಳದಿದ್ದರೂ ಹೇಳಿ, ಬರೆಯುವಂತೆ ವಿನಂತಿಸಿ, ಚೀಟಿಯನ್ನು ಅಲ್ಲಿಯೇ ಓದಿ ನೋಡಿ. ಕೆಲಸ ಕಳೆದುಕೊಳ್ಳುವ ಭಯದಿಂದಲೋ ಮಾಲೀಕರ ಒತ್ತಾಯದಿಂದಲೋ "ಮನೆಯಲ್ಲಿ ಜಾರಿ ಬಿದ್ದೆ" ಎಂದು ಬರೆಸುವವರಿದ್ದಾರೆ. ಆ ಒಂದು ಸುಳ್ಳನ್ನು ಮುಂದೆ ನೀವೇ ಅಲ್ಲಗಳೆಯಬೇಕಾಗುತ್ತದೆ, ಆಗ ನಿಮ್ಮ ಸತ್ಯವನ್ನೂ ಯಾರೂ ನಂಬುವುದಿಲ್ಲ.

ಎರಡನೆಯ ಹೆಜ್ಜೆ: ಕಾನೂನಿನ ಕಣ್ಣಿನಲ್ಲಿ ನೀವು ನೌಕರರೇ?

ಪರಿಹಾರದ ಕಾನೂನು ರಕ್ಷಿಸುವುದು ನೌಕರನನ್ನು. ಸ್ವತಂತ್ರವಾಗಿ ಗುತ್ತಿಗೆ ಹಿಡಿದು ಕೆಲಸ ಮಾಡಿಕೊಡುವವರನ್ನು ಸಾಮಾನ್ಯವಾಗಿ ಅಲ್ಲ. ಹಾಗೆಂದು ಒಪ್ಪಂದದ ಕಾಗದದಲ್ಲಿ "ಪಾಲುದಾರ", "ಸಲಹೆಗಾರ", "ಗುತ್ತಿಗೆದಾರ" ಎಂದು ಬರೆದ ಮಾತ್ರಕ್ಕೆ ವಿಷಯ ತೀರ್ಮಾನವಾಗುವುದಿಲ್ಲ. ಕೆಲಸದ ವೇಳೆಯನ್ನು ಯಾರು ಗೊತ್ತುಮಾಡುತ್ತಾರೆ, ಕೆಲಸ ಹೇಗೆ ಮಾಡಬೇಕೆಂದು ಯಾರು ಹೇಳುತ್ತಾರೆ, ಸಲಕರಣೆ ಯಾರದು, ನಿಮ್ಮ ಬದಲಿಗೆ ಇನ್ನೊಬ್ಬರನ್ನು ಕಳಿಸುವ ಸ್ವಾತಂತ್ರ್ಯ ನಿಮಗಿದೆಯೇ, ಲಾಭನಷ್ಟದ ಹೊಣೆ ಯಾರ ಮೇಲಿದೆ ಎಂಬುದನ್ನು ನ್ಯಾಯಾಧಿಕಾರಿಗಳು ನೋಡುತ್ತಾರೆ. ಹಾಜರಿ ಹಾಕುವ, ಸಮವಸ್ತ್ರ ತೊಡಿಸುವ, ತಡವಾದರೆ ಸಂಬಳ ಹಿಡಿಯುವ ಸಂಸ್ಥೆಯು "ಇವರು ನಮ್ಮ ನೌಕರರಲ್ಲ" ಎಂದರೆ ಅದನ್ನು ಪ್ರಶ್ನಿಸಲು ಧಾರಾಳ ಅವಕಾಶವಿದೆ.

ಗುತ್ತಿಗೆದಾರನ ಮೂಲಕ ಸೇರಿದವರಿಗೆ ಇನ್ನೊಂದು ಗೊಂದಲ: ಪರಿಹಾರ ಕೇಳಬೇಕಾದದ್ದು ಯಾರನ್ನು? ಭಾರತದ 1923ರ ಕಾಯ್ದೆಯ 12ನೆಯ ಕಲಮು ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿತ್ತು. ಮೂಲ ಉದ್ಯೋಗದಾತನು ತನ್ನ ವ್ಯವಹಾರದ ಭಾಗವಾದ ಕೆಲಸವನ್ನು ಗುತ್ತಿಗೆಗೆ ಕೊಟ್ಟಿದ್ದರೆ, ತನ್ನ ಸ್ಥಳದಲ್ಲಿ ಗಾಯಗೊಂಡ ಗುತ್ತಿಗೆ ಕಾರ್ಮಿಕನಿಗೆ ಅವನೇ ಪರಿಹಾರ ಕೊಟ್ಟು, ಬಳಿಕ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು. ಈ ಕಾಯ್ದೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಕೊಂಡಿದೆ. ಅಮೆರಿಕದ ಹಲವು ರಾಜ್ಯಗಳಲ್ಲೂ ಇದನ್ನು ಹೋಲುವ ನಿಯಮವಿದೆ. ಆದ್ದರಿಂದ ಅರ್ಜಿಯಲ್ಲಿ ಗುತ್ತಿಗೆದಾರ ಮತ್ತು ಮೂಲ ಸಂಸ್ಥೆ ಇಬ್ಬರನ್ನೂ ಹೆಸರಿಸುವುದು ಜಾಣತನ.

ನೇಮಕಾತಿ ಪತ್ರವಿಲ್ಲ ಎಂದು ಧೈರ್ಯಗೆಡಬೇಕಿಲ್ಲ. ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಪುಸ್ತಕ, ಗೇಟ್ ಪಾಸ್, ಗುರುತಿನ ಚೀಟಿ, ಪಾಳಿಯ ಪಟ್ಟಿಯ ಫೋಟೊ, ಮೇಲ್ವಿಚಾರಕರು ಕೆಲಸ ಹಂಚಿ ಕಳಿಸಿದ ವಾಟ್ಸ್ಆ್ಯಪ್ ಸಂದೇಶ, ಜೊತೆಯವರ ಹೇಳಿಕೆ, ಇವೆಲ್ಲವೂ ಸಂಬಂಧವನ್ನು ತೋರಿಸುತ್ತವೆ. ಪರದೇಶದಲ್ಲಿ ದುಡಿಯುವವರಿಗೂ ಒಂದು ಮಾತು: ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1925ರ 19ನೆಯ ಒಡಂಬಡಿಕೆಯು ತನ್ನನ್ನು ಒಪ್ಪಿಕೊಂಡ ದೇಶಗಳ ನಡುವೆ, ಅಪಘಾತ ಪರಿಹಾರದ ವಿಷಯದಲ್ಲಿ ವಿದೇಶಿ ಕಾರ್ಮಿಕರನ್ನೂ ಸ್ವದೇಶಿಯರಂತೆಯೇ ನಡೆಸಿಕೊಳ್ಳಬೇಕೆಂದು ಹೇಳುತ್ತದೆ.

ಮೂರನೆಯ ಹೆಜ್ಜೆ: ಗಾಯಕ್ಕೂ ಕೆಲಸಕ್ಕೂ ಇರುವ ನಂಟು

ಇಡೀ ವಿಷಯದ ತಿರುಳು ಇಲ್ಲಿದೆ. 1897ರ ಬ್ರಿಟಿಷ್ ಕಾಯ್ದೆ ಬಳಸಿದ ಒಂದು ನುಡಿಗಟ್ಟು ಇಂದಿಗೂ ಅನೇಕ ದೇಶಗಳ ಕಾನೂನಿನಲ್ಲಿ ಹಾಗೆಯೇ ಉಳಿದಿದೆ: ಗಾಯವು "ಉದ್ಯೋಗದಿಂದ ಉಂಟಾಗಿರಬೇಕು ಮತ್ತು ಉದ್ಯೋಗದ ಅವಧಿಯಲ್ಲಿ ಸಂಭವಿಸಿರಬೇಕು". ಇದರಲ್ಲಿ ಎರಡು ಬೇರೆ ಬೇರೆ ಪರೀಕ್ಷೆಗಳಿವೆ. ಎರಡನೆಯದು ಸಮಯ ಮತ್ತು ಸ್ಥಳದ ಪ್ರಶ್ನೆ: ಆಗ ನೀವು ಕೆಲಸದಲ್ಲಿ ಇದ್ದಿರೇ? ಮೊದಲನೆಯದು ಕಾರಣದ ಪ್ರಶ್ನೆ: ಆ ಕೆಲಸವಿಲ್ಲದಿದ್ದರೆ ಆ ಅಪಾಯ ನಿಮಗೆ ಒದಗುತ್ತಿತ್ತೇ? ಪಾಳಿಯಲ್ಲಿದ್ದಾಗಲೇ ಗಾಯವಾದರೂ, ವೈಯಕ್ತಿಕ ದ್ವೇಷದಿಂದ ಹೊರಗಿನವನೊಬ್ಬ ಬಂದು ಹೊಡೆದದ್ದಾಗಿದ್ದರೆ ಕಾರಣದ ಪರೀಕ್ಷೆ ಸೋಲಬಹುದು. ಅದೇ ಹೊಡೆತ ನಗದು ಕಾಯುವ ಕಾವಲುಗಾರನಿಗೆ ಕಳ್ಳನಿಂದ ಬಿದ್ದಿದ್ದರೆ ಎರಡೂ ಪರೀಕ್ಷೆ ಗೆಲ್ಲುತ್ತವೆ.

ಕೆಲವು ದೇಶಗಳು ಈ ಭಾರವನ್ನು ಹಗುರ ಮಾಡಿವೆ. ಫ್ರಾನ್ಸಿನಲ್ಲಿ ಕೆಲಸದ ವೇಳೆಯಲ್ಲಿ, ಕೆಲಸದ ಸ್ಥಳದಲ್ಲಿ ಆದ ಅಪಘಾತವನ್ನು ಕೆಲಸದಿಂದಲೇ ಆದದ್ದೆಂದು ಮೊದಲು ಊಹಿಸಿಕೊಳ್ಳುತ್ತಾರೆ. ಅಲ್ಲವೆಂದು ತೋರಿಸುವ ಹೊಣೆ ಎದುರು ಪಕ್ಷದ್ದು. ಭಾರತದ 1948ರ ನೌಕರರ ರಾಜ್ಯ ವಿಮಾ ಕಾಯ್ದೆಯಲ್ಲೂ ಇಂಥದ್ದೇ ಊಹೆಯ ಕಲಮು ಸೇರಿತ್ತು. ನಿಮ್ಮ ಮೇಲೆ ಅನ್ವಯಿಸುವ ಕಾನೂನಿನಲ್ಲಿ ಈ ಊಹೆ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಇದ್ದರೆ ಅರ್ಧ ದಾರಿ ಸಾಗಿದಂತೆ.

ಊಟದ ವಿರಾಮದಲ್ಲಿ, ಶೌಚಾಲಯಕ್ಕೆ ಹೋಗುವಾಗ, ಸಂಸ್ಥೆಯ ಆವರಣದ ಮೆಟ್ಟಿಲಿನಲ್ಲಿ ಆದ ಗಾಯಗಳನ್ನು ಸಾಮಾನ್ಯವಾಗಿ ಕೆಲಸದ ಅವಧಿಯೊಳಗೇ ಲೆಕ್ಕ ಹಾಕುತ್ತಾರೆ, ಏಕೆಂದರೆ ದಿನವಿಡೀ ದುಡಿಯುವ ಮನುಷ್ಯನಿಗೆ ಅವೆಲ್ಲ ಅನಿವಾರ್ಯ. ಆವರಣ ಬಿಟ್ಟು ಸ್ವಂತ ಕೆಲಸಕ್ಕೆ ಹೊರಗೆ ಹೋದಾಗ ಆದದ್ದು ಹೀಗೆ ಸುಲಭವಾಗಿ ಸೇರುವುದಿಲ್ಲ. ಮಾಲೀಕರೇ ಹೇಳಿ ಕಳಿಸಿದ ಕೆಲಸವಾದರೆ ರಸ್ತೆಯ ಮೇಲೂ ನೀವು ಕೆಲಸದಲ್ಲೇ ಇದ್ದೀರಿ. ಯಾರು ಕಳಿಸಿದರು, ಯಾವುದಕ್ಕೆ ಕಳಿಸಿದರು ಎಂಬುದಕ್ಕೆ ಒಂದು ಸಂದೇಶವಾದರೂ ಇರಲಿ.

ಹೆಚ್ಚು ಜಗಳವಾಗುವುದು ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಬಗ್ಗೆ. ಅಮೆರಿಕದ ರಾಜ್ಯಗಳಲ್ಲಿ ಸಾಮಾನ್ಯ ನಿಯಮವೆಂದರೆ ಈ ದಾರಿ ಪರಿಹಾರದ ಹೊರಗೆ. ಸಂಸ್ಥೆಯ ವಾಹನ, ಊರೂರು ತಿರುಗುವ ಕೆಲಸ, ಮಾಲೀಕರು ಒಪ್ಪಿಸಿದ ವಿಶೇಷ ಕೆಲಸ ಇತ್ಯಾದಿ ವಿನಾಯಿತಿಗಳು ಮಾತ್ರ ಉಂಟು. ಜರ್ಮನಿಯಲ್ಲಿ 1925ರಿಂದಲೇ ದಾರಿಯ ಅಪಘಾತವೂ ವಿಮೆಯೊಳಗಿದೆ. ಭಾರತದಲ್ಲಿ ನ್ಯಾಯಾಲಯಗಳು ಕೆಲಸದ ಸ್ಥಳದ ಗಡಿಯನ್ನು ಒಂದಿಷ್ಟು ಹಿಗ್ಗಿಸಿ ನೋಡುವ ತತ್ತ್ವವನ್ನು ಬೆಳೆಸಿದವು. 1958ರಲ್ಲಿ ಸುಪ್ರೀಂ ಕೋರ್ಟ್, ಉಪ್ಪಿನ ಕಾರ್ಖಾನೆಯಿಂದ ಮರಳುತ್ತ ಸಾರ್ವಜನಿಕ ದೋಣಿಯಲ್ಲಿ ಮುಳುಗಿದ ಕಾರ್ಮಿಕರ ಕುಟುಂಬಗಳಿಗೆ ಪರಿಹಾರ ಕೊಡಲು ಒಪ್ಪಲಿಲ್ಲ, ಏಕೆಂದರೆ ಆ ದೋಣಿ ಎಲ್ಲರಿಗೂ ಸೇರಿದ ದಾರಿ. ಕೆಲವೇ ವರ್ಷಗಳ ನಂತರ ಅದೇ ನ್ಯಾಯಾಲಯ, ಪಾಳಿ ಮುಗಿಸಿ ತನ್ನ ಸಂಸ್ಥೆಯದೇ ಇನ್ನೊಂದು ಬಸ್ಸಿನಲ್ಲಿ ಮನೆಗೆ ಹೋಗುತ್ತಿದ್ದಾಗ ಸತ್ತ ಮುಂಬಯಿಯ ಬಸ್ ಚಾಲಕನ ಪತ್ನಿಗೆ ಪರಿಹಾರ ಸಲ್ಲಬೇಕೆಂದಿತು. ಚಾಲಕರು ಹೊತ್ತಿಗೆ ಸರಿಯಾಗಿ ಬಂದುಹೋಗಲು ಆ ಬಸ್ಸಿನ ಸೌಲಭ್ಯ ಸೇವೆಯ ಭಾಗವೇ ಆಗಿತ್ತು ಎಂಬುದು ಅದರ ಕಾರಣ. 2020ರ ಸಂಹಿತೆಯು ಮನೆ ಮತ್ತು ಕೆಲಸದ ಸ್ಥಳದ ನಡುವಿನ ಅಪಘಾತವನ್ನೂ ಒಳಗೆ ತಂದಿದೆ, ಆದರೆ ಅಪಘಾತದ ಸಂದರ್ಭ, ಸಮಯ, ಸ್ಥಳಕ್ಕೂ ಉದ್ಯೋಗಕ್ಕೂ ನಂಟು ತೋರಬೇಕು. ದಾರಿ ಬದಲಿಸಿ ಸ್ನೇಹಿತರ ಮನೆಗೆ ಹೋಗಿದ್ದರೆ ಆ ನಂಟು ಕಡಿದಂತೆ.

ಮನೆಯಿಂದಲೇ ಕೆಲಸ ಮಾಡುವವರ ಮಾತೇನು? 2021ರ ಡಿಸೆಂಬರಿನಲ್ಲಿ ಜರ್ಮನಿಯ ಒಕ್ಕೂಟ ಸಾಮಾಜಿಕ ನ್ಯಾಯಾಲಯದ ಮುಂದೆ ಬಂದ ಪ್ರಕರಣ ಕುತೂಹಲದ್ದು. ಬೆಳಿಗ್ಗೆ ಹಾಸಿಗೆಯಿಂದ ಎದ್ದವನೇ ತಿಂಡಿಯನ್ನೂ ತಿನ್ನದೆ ಸುರುಳಿ ಮೆಟ್ಟಿಲಿಳಿದು ಕೆಳಗಿನ ಕೆಲಸದ ಕೋಣೆಗೆ ಹೊರಟಿದ್ದ ನೌಕರನೊಬ್ಬ ಜಾರಿ ಬಿದ್ದು ಬೆನ್ನೆಲುಬು ಮುರಿದುಕೊಂಡಿದ್ದ. ಕೆಲಸ ಆರಂಭಿಸಲೆಂದೇ ನಡೆದ ಆ ಕೆಲವು ಹೆಜ್ಜೆಗಳು ವಿಮೆಯ ರಕ್ಷಣೆಯಲ್ಲಿವೆ ಎಂದು ನ್ಯಾಯಾಲಯ ಹೇಳಿತು. ಮೊದಲು ಅಡುಗೆಮನೆಗೆ ಹೋಗಿ ತಿಂಡಿ ಮಾಡಿಕೊಂಡಿದ್ದರೆ ವಾದ ಇಷ್ಟು ಸಲೀಸಾಗುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಮನೆಯಿಂದ ಕೆಲಸ ಮಾಡಲು ಲಿಖಿತ ಅನುಮತಿ, ಕೆಲಸದ ವೇಳೆ, ಕೆಲಸದ ಜಾಗ ಇವು ಮೊದಲೇ ದಾಖಲಾಗಿರುವುದು ಒಳ್ಳೆಯದು.

ನಾಲ್ಕನೆಯ ಹೆಜ್ಜೆ: "ಇದು ನಿಮಗೆ ಮೊದಲೇ ಇದ್ದ ತೊಂದರೆ" ಎಂಬ ಆಕ್ಷೇಪಕ್ಕೆ ಸಿದ್ಧರಾಗಿ

ಬೆನ್ನು, ಮೊಣಕಾಲು, ಹೃದಯ ಇವುಗಳ ವಿಷಯದಲ್ಲಿ ಈ ಆಕ್ಷೇಪ ಬಂದೇ ಬರುತ್ತದೆ. ಸ್ಕ್ಯಾನಿನಲ್ಲಿ ಸವೆತ ಕಂಡರಂತೂ ವಿಮಾ ಸಂಸ್ಥೆ "ವಯಸ್ಸಿನ ದೋಷ" ಎಂದುಬಿಡುತ್ತದೆ. ಆದರೆ ಮೊದಲೇ ದುರ್ಬಲವಾಗಿದ್ದ ದೇಹ ಎಂಬುದು ತಾನೇ ತಾನಾಗಿ ಅನರ್ಹತೆಯಲ್ಲ. 1910ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವೂ ಆಗಿದ್ದ ಲಾರ್ಡ್ಸ್ ಸಭೆಯ ಮುಂದೆ ಬಂದ ಪ್ರಕರಣದಲ್ಲಿ ಕಾರ್ಮಿಕನೊಬ್ಬನ ಮಹಾಪಧಮನಿ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಎಷ್ಟು ಉಬ್ಬಿ ಹಾಳಾಗಿತ್ತೆಂದರೆ ಅದು ನಿದ್ದೆಯಲ್ಲೂ ಒಡೆಯಬಹುದಿತ್ತು. ಅವನು ಸ್ಪ್ಯಾನರಿನಿಂದ ಒಂದು ನಟ್ಟು ಬಿಗಿಯುತ್ತಿದ್ದಾಗ, ಆ ಸಾಧಾರಣ ಶ್ರಮಕ್ಕೇ ಅದು ಒಡೆದು ಸತ್ತ. ಕೆಲಸದ ಶ್ರಮವೇ ಆ ಕ್ಷಣದ ಒಡೆತಕ್ಕೆ ಕಾರಣವಾದ್ದರಿಂದ ಅದು ಅಪಘಾತವೇ ಎಂದು ತೀರ್ಪಾಯಿತು. ಕೆಲಸವು ಹಳೆಯ ತೊಂದರೆಯನ್ನು ಕೆರಳಿಸಿತೇ, ಹೆಚ್ಚಿಸಿತೇ, ಬೇಗ ತಂದಿತೇ ಎಂಬ ರೀತಿಯ ಪರೀಕ್ಷೆಯನ್ನು ಇಂದಿಗೂ ಅನೇಕ ಕಡೆ ಬಳಸುತ್ತಾರೆ.

ಇದರ ಅರ್ಥ ಕೆಲಸದ ಸ್ಥಳದಲ್ಲಿ ಬಂದ ಪ್ರತಿ ಹೃದಯಾಘಾತಕ್ಕೂ ಪರಿಹಾರ ಸಿಗುತ್ತದೆ ಎಂದಲ್ಲ. ಅಂದು ಏನು ಭಾರ ಎತ್ತಿದರು, ಎಷ್ಟು ಗಂಟೆ ಸತತವಾಗಿ ದುಡಿದರು, ಎಷ್ಟು ಸೆಖೆಯಲ್ಲಿದ್ದರು ಎಂಬುದರ ಪುರಾವೆ ಬೇಕು. ಹಳೆಯ ತೊಂದರೆಯನ್ನು ಮುಚ್ಚಿಡುವುದು ತೀರಾ ಕೆಟ್ಟ ಉಪಾಯ. ಹಳೆಯ ಆಸ್ಪತ್ರೆ ಚೀಟಿ ಎಲ್ಲಿಂದಲೋ ಹೊರಬಿದ್ದ ದಿನ ಇಡೀ ಅರ್ಜಿ ಕುಸಿಯುತ್ತದೆ. ಅದರ ಬದಲು "ಐದು ವರ್ಷದ ಹಿಂದೆ ನೋವಿತ್ತು, ಗುಣವಾಗಿ ಅಂದಿನಿಂದ ಇಡೀ ಪಾಳಿ ಕೆಲಸ ಮಾಡುತ್ತಿದ್ದೆ, ಈ ಘಟನೆಯ ನಂತರ ಬಗ್ಗಲಾಗುತ್ತಿಲ್ಲ" ಎಂದು ಹೇಳುವುದು ಹೆಚ್ಚು ಗಟ್ಟಿಯಾದ ವಾದ. ವೈದ್ಯರಿಂದಲೂ ಕೇವಲ ರೋಗದ ಹೆಸರನ್ನಲ್ಲ, ಘಟನೆಗೂ ಈಗಿನ ಸ್ಥಿತಿಗೂ ಇರುವ ಕಾರಣಸಂಬಂಧದ ಬಗ್ಗೆ ಅಭಿಪ್ರಾಯವನ್ನು ಬರೆಸಿಕೊಳ್ಳಿ.

ಅಪಘಾತವಿಲ್ಲದೆ ಬಂದ ಕಾಯಿಲೆ

ಒಂದೇ ಏಟಿಗೆ ಆಗದೆ ವರ್ಷಗಟ್ಟಲೆ ಒಳಗೆ ಸೇರಿದ ಧೂಳು, ಸೀಸ, ಶಬ್ದ, ಕಂಪನ ಇವುಗಳಿಂದ ಬರುವ ಕಾಯಿಲೆಗಳೂ ಪರಿಹಾರದ ವ್ಯಾಪ್ತಿಯಲ್ಲಿವೆ. ಬ್ರಿಟನ್ 1906ರಲ್ಲಿ ಆರು ಕಾಯಿಲೆಗಳ ಪಟ್ಟಿಯೊಂದಿಗೆ ಇದನ್ನು ಆರಂಭಿಸಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1925ರ ಇನ್ನೊಂದು ಒಡಂಬಡಿಕೆಯು ಸೀಸದ ವಿಷ, ಪಾದರಸದ ವಿಷ ಮತ್ತು ಆಂಥ್ರಾಕ್ಸ್ ಎಂಬ ಮೂರನ್ನು ಹೆಸರಿಸಿತು. ಇಂದಿನ ಪಟ್ಟಿಗಳು ಬಹಳ ಉದ್ದವಾಗಿವೆ. ಪಟ್ಟಿಯಲ್ಲಿ ಕಾಯಿಲೆಯ ಎದುರು ಯಾವ ಬಗೆಯ ಕೆಲಸ ಎಂದು ಬರೆದಿರುತ್ತದೆ. ನಿಮ್ಮ ಕಾಯಿಲೆ ಮತ್ತು ನಿಮ್ಮ ಕೆಲಸ ಎರಡೂ ಅಲ್ಲಿ ಜೋಡಿಯಾಗಿ ಕಂಡರೆ ಕಾರಣವನ್ನು ಸಾಬೀತುಪಡಿಸುವ ಹೊರೆ ಬಹಳ ಇಳಿಯುತ್ತದೆ. ಭಾರತದ 1923ರ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ಕೆಲವು ಕಾಯಿಲೆಗಳಿಗೆ ಸೇವಾವಧಿಯ ನಿರ್ಬಂಧವಿರಲಿಲ್ಲ, ಕೆಲವಕ್ಕೆ ಒಬ್ಬನೇ ಮಾಲೀಕನ ಬಳಿ ಕನಿಷ್ಠ 6 ತಿಂಗಳ ನಿರಂತರ ಸೇವೆ ಬೇಕಿತ್ತು. ಹಾಗಾಗಿ ಎಲ್ಲೆಲ್ಲಿ, ಯಾವ ಯಂತ್ರದ ಮೇಲೆ, ಯಾವ ವರ್ಷದಿಂದ ಯಾವ ವರ್ಷದವರೆಗೆ ದುಡಿದಿರಿ ಎಂಬ ಒಂದು ಪುಟದ ವಿವರವನ್ನು ನೀವೇ ಬರೆದಿಟ್ಟುಕೊಳ್ಳಿ. ಕಾಯಿಲೆ ಪಟ್ಟಿಯಲ್ಲಿ ಇಲ್ಲದಿದ್ದರೂ ಬಾಗಿಲು ಮುಚ್ಚಿಲ್ಲ, ಆದರೆ ಸಾಬೀತಿನ ಭಾರ ಪೂರ್ತಿ ನಿಮ್ಮದು.

ಅರ್ಹತೆ ಕೈತಪ್ಪುವ ಸಂದರ್ಭಗಳು

ಅಜಾಗರೂಕತೆಗೂ ಉದ್ದೇಶಪೂರ್ವಕ ಉಲ್ಲಂಘನೆಗೂ ವ್ಯತ್ಯಾಸವಿದೆ. ಕುಡಿದು ಅಥವಾ ಮಾದಕ ವಸ್ತು ಸೇವಿಸಿ ಕೆಲಸ ಮಾಡಿದ್ದು, ಸುರಕ್ಷತೆಗೆಂದೇ ಕೊಟ್ಟ ಸ್ಪಷ್ಟ ಆದೇಶವನ್ನು ಬೇಕೆಂದೇ ಮೀರಿದ್ದು, ರಕ್ಷಣಾ ಕವಚವನ್ನು ತಿಳಿದೂ ತಿಳಿದೂ ಕಳಚಿದ್ದು, ತನಗೆ ತಾನೇ ಗಾಯ ಮಾಡಿಕೊಂಡದ್ದು ಇವು ಹೆಚ್ಚಿನ ಕಾನೂನುಗಳಲ್ಲಿ ಅಡ್ಡಿಯಾಗುತ್ತವೆ. ಆದರೂ ಇಲ್ಲಿ ಎರಡು ಸೂಕ್ಷ್ಮಗಳನ್ನು ಗಮನಿಸಬೇಕು. ರಕ್ತದಲ್ಲಿ ಮದ್ಯವಿತ್ತು ಎಂಬುದಷ್ಟೇ ಅನೇಕ ಕಡೆ ಸಾಲದು, ಗಾಯಕ್ಕೆ ಆ ಅಮಲೇ ಕಾರಣ ಎಂದು ಮಾಲೀಕರು ತೋರಿಸಬೇಕು. ಭಾರತದ ಕಾಯ್ದೆಯಲ್ಲಂತೂ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಉಂಟಾದಾಗ ಅಮಲು, ಆದೇಶೋಲ್ಲಂಘನೆ, ಕವಚ ಕಳಚಿದ್ದು ಎಂಬ ಈ ಮೂರು ವಾದಗಳಿಗೆ ಅವಕಾಶವೇ ಇರಲಿಲ್ಲ. ಇನ್ನು ಕವಚದ ವಿಷಯ: ಉತ್ಪಾದನೆ ನಿಧಾನವಾಗುತ್ತದೆಂದು ಮೇಲ್ವಿಚಾರಕರೇ ಅದನ್ನು ಬಿಚ್ಚಿಸಿದ್ದರೆ, ಅಥವಾ ಇಡೀ ವಿಭಾಗ ಅವರ ಕಣ್ಣೆದುರೇ ಹಾಗೆ ದುಡಿಯುತ್ತಿದ್ದರೆ, ಅದು ನಿಮ್ಮ ಉದ್ದೇಶಪೂರ್ವಕ ಉಲ್ಲಂಘನೆ ಹೇಗಾಗುತ್ತದೆ? ಈ ಮಾತನ್ನು ಹೇಳಲು ಜೊತೆಯವರು ಸಾಕ್ಷಿಯಾಗಿ ಬೇಕು.

ತೀರಾ ಸಣ್ಣ ಗಾಯಗಳಿಗೂ ಒಂದು ಗೆರೆಯಿದೆ. ಭಾರತದ ಕಾಯ್ದೆಯಲ್ಲಿ 3 ದಿನಕ್ಕಿಂತ ಹೆಚ್ಚು ಕಾಲ ಕೆಲಸ ಮಾಡಲಾಗದ ಸ್ಥಿತಿ ಇರಬೇಕಿತ್ತು. ಬ್ರಿಟನ್ನಿನ ಔದ್ಯೋಗಿಕ ಗಾಯದ ಭತ್ಯೆಗೆ ಸಾಮಾನ್ಯವಾಗಿ ಶೇ. 14ರಷ್ಟು ಅಂಗವೈಕಲ್ಯ, ಜರ್ಮನಿಯ ಪಿಂಚಣಿಗೆ ದುಡಿಮೆಯ ಸಾಮರ್ಥ್ಯದಲ್ಲಿ ಶೇ. 20ರಷ್ಟು ನಷ್ಟ ಕಾಣಬೇಕು.

ಐದನೆಯ ಹೆಜ್ಜೆ: ಗಡುವಿನ ಲೆಕ್ಕ

ಗಡುವುಗಳು ಎರಡು, ಜನ ಅವುಗಳನ್ನು ಒಂದೆಂದು ಭ್ರಮಿಸುತ್ತಾರೆ. ಮಾಲೀಕರಿಗೆ ತಿಳಿಸುವ ಗಡುವು ಚಿಕ್ಕದು. ಅಧಿಕಾರಿಯ ಮುಂದೆ ಅರ್ಜಿ ಹಾಕುವ ಗಡುವು ದೊಡ್ಡದು. ಫ್ರಾನ್ಸಿನಲ್ಲಿ ತಿಳಿಸಲು 24 ಗಂಟೆ, ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕಿನಲ್ಲಿ 30 ದಿನ. ಅರ್ಜಿಗೆ ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ 1 ವರ್ಷ, ನ್ಯೂಯಾರ್ಕಿನಲ್ಲಿ 2 ವರ್ಷ. ಭಾರತದ 1923ರ ಕಾಯ್ದೆಯು ಸಾಧ್ಯವಾದಷ್ಟು ಬೇಗ ನೋಟಿಸು ಕೊಡಿ ಎಂದು ಹೇಳಿ, ಅರ್ಜಿಗೆ 2 ವರ್ಷ ಕೊಟ್ಟಿತ್ತು. ಮಾಲೀಕರಿಗೆ ಅಪಘಾತ ಬೇರೆ ರೀತಿಯಿಂದ ತಿಳಿದಿದ್ದರೆ ನೋಟಿಸಿನ ಕೊರತೆಯನ್ನೂ, ಸಕಾರಣವಿದ್ದರೆ ಅರ್ಜಿಯ ವಿಳಂಬವನ್ನೂ ಮನ್ನಿಸಲು ಅವಕಾಶವಿತ್ತು. ಮನ್ನಿಸಬಹುದು ಎಂಬುದು ಮನ್ನಿಸುತ್ತಾರೆ ಎಂಬ ಭರವಸೆಯಲ್ಲ. "ಮಾಲೀಕರು ಒಳ್ಳೆಯವರು, ಆಸ್ಪತ್ರೆ ಖರ್ಚು ನೋಡಿಕೊಳ್ಳುತ್ತಿದ್ದಾರೆ, ಮತ್ತೆ ನೋಡೋಣ" ಎಂದು ಕಾದು ಗಡುವು ಕಳೆದುಕೊಂಡವರ ಕಥೆ ಮತ್ತೆ ಮತ್ತೆ ಕೇಳಿಬರುತ್ತದೆ. ಮಾಲೀಕರ ಒಳ್ಳೆಯತನದ ಬಗ್ಗೆ ಸಂಶಯ ಬೇಡ, ಅರ್ಜಿ ಮಾತ್ರ ಹಾಕಿಡಿ. ನಿಧಾನವಾಗಿ ಬಂದ ಕಾಯಿಲೆಗಳಲ್ಲಿ ಗಡುವು ಯಾವ ದಿನದಿಂದ ಶುರುವಾಗುತ್ತದೆ ಎಂಬುದು ತೊಡಕಿನ ಪ್ರಶ್ನೆ. ಕೆಲಸವೇ ಕಾರಣವಿರಬಹುದೆಂದು ವೈದ್ಯರು ಮೊದಲು ಹೇಳಿದ ದಿನವನ್ನು ಗುರುತು ಹಾಕಿಕೊಳ್ಳಿ.

ಆರನೆಯ ಹೆಜ್ಜೆ: ಅಂಗವೈಕಲ್ಯದ ಪ್ರಮಾಣವನ್ನು ಅಳೆಯುವಾಗ

ಗಾಯ ಗುಣವಾಗುವವರೆಗಿನ ತಾತ್ಕಾಲಿಕ ಅಸಾಮರ್ಥ್ಯ, ಶಾಶ್ವತವಾಗಿ ಉಳಿದ ಭಾಗಶಃ ನಷ್ಟ, ಶಾಶ್ವತ ಪೂರ್ಣ ನಷ್ಟ, ಮತ್ತು ಸಾವಿನ ಸಂದರ್ಭದಲ್ಲಿ ಅವಲಂಬಿತರ ಹಕ್ಕು ಹೀಗೆ ವಿಂಗಡಣೆ ನಡೆಯುತ್ತದೆ. ಭಾರತದ ಕಾಯ್ದೆಯ ಮೊದಲ ಅನುಸೂಚಿ ಹೆಬ್ಬೆರಳು ಹೋದರೆ ಶೇ. 30, ಇನ್ನೊಂದು ಕಣ್ಣು ಸರಿಯಿದ್ದು ಒಂದು ಕಣ್ಣು ಹೋದರೆ ಶೇ. 40 ಎಂದು ದುಡಿಮೆಯ ಸಾಮರ್ಥ್ಯದ ನಷ್ಟವನ್ನು ಗೊತ್ತುಮಾಡಿತ್ತು. ಆದರೆ ಪಟ್ಟಿಯ ಅಂಕಿಯೇ ಕೊನೆಯ ಮಾತಲ್ಲ. 1975ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಕರಣದಲ್ಲಿ ಬಡಗಿಯೊಬ್ಬನ ಎಡಗೈಯನ್ನು ಮೊಣಕೈ ಮೇಲೆ ಕತ್ತರಿಸಲಾಗಿತ್ತು. ಒಂದೇ ಕೈಯಿಂದ ಯಾರೂ ಬಡಗಿ ಕೆಲಸ ಮಾಡಲಾರರಾದ್ದರಿಂದ ಅವನ ನಷ್ಟ ಪೂರ್ಣವೇ ಎಂದು ನ್ಯಾಯಾಲಯ ಒಪ್ಪಿತು. ಆದ್ದರಿಂದ ವೈದ್ಯಕೀಯ ಮಂಡಳಿಯ ಮುಂದೆ ಹೋದಾಗ ಎಲ್ಲಿ ನೋಯುತ್ತದೆ ಎಂಬುದರ ಜೊತೆಗೆ, ನಿಮ್ಮ ಕೆಲಸದಲ್ಲಿ ಏನೇನು ಮಾಡಬೇಕಿತ್ತು, ಈಗ ಅದರಲ್ಲಿ ಯಾವುದು ಆಗುವುದಿಲ್ಲ ಎಂಬುದನ್ನು ವಿವರಿಸಿ. "ಭಾರ ಎತ್ತಲಾಗದು" ಎನ್ನುವುದಕ್ಕಿಂತ "ಮೊದಲು ಪಾಳಿಗೆ ಇನ್ನೂರು ಮೂಟೆ ಎತ್ತುತ್ತಿದ್ದೆ, ಈಗ ನೀರಿನ ಬಿಂದಿಗೆ ಎತ್ತಿದರೂ ಕಾಲು ಜೋಮು ಹಿಡಿಯುತ್ತದೆ" ಎಂಬುದು ವರದಿಗೆ ತೂಕ ಕೊಡುತ್ತದೆ.

ಮಾಲೀಕರು ಅಥವಾ ವಿಮಾ ಸಂಸ್ಥೆ ತಮ್ಮ ವೈದ್ಯರಿಂದ ಪರೀಕ್ಷೆಗೆ ಕರೆದರೆ ಕಾರಣವಿಲ್ಲದೆ ನಿರಾಕರಿಸಬೇಡಿ. ನಿರಾಕರಣೆಯಿಂದ ಪರಿಹಾರ ಅಮಾನತಾಗುವ ನಿಯಮ ಹಲವು ಕಡೆ ಇದೆ. ಆ ವೈದ್ಯರು ಕೇಳಿದ್ದಕ್ಕೆ ಉತ್ಪ್ರೇಕ್ಷೆಯಿಲ್ಲದೆ ಉತ್ತರಿಸಿ. ನೀವು ಹೊರಗೆ ನಡೆದುಹೋಗುವ ರೀತಿಯನ್ನೂ ಗಮನಿಸುವವರಿರುತ್ತಾರೆ.

ಅರ್ಜಿ ತಿರಸ್ಕೃತವಾದರೆ, ಅಥವಾ ರಾಜಿಗೆ ಕರೆದರೆ

ಮೊದಲ ತಿರಸ್ಕಾರಕ್ಕೆ ಬೆಚ್ಚಬೇಡಿ. ತಿರಸ್ಕಾರದ ಕಾರಣವನ್ನು ಲಿಖಿತವಾಗಿ ಪಡೆಯಿರಿ ಮತ್ತು ಅದು ಮೇಲಿನ ಯಾವ ಹೆಜ್ಜೆಗೆ ಸೇರಿದ್ದು ಎಂದು ನೋಡಿ: ನೌಕರರಲ್ಲ ಎಂದರೇ, ಕೆಲಸಕ್ಕೆ ನಂಟಿಲ್ಲ ಎಂದರೇ, ಹಳೆಯ ಕಾಯಿಲೆ ಎಂದರೇ, ತಡವಾಯಿತು ಎಂದರೇ? ಮೇಲ್ಮನವಿಯಲ್ಲಿ ಆ ಒಂದು ಗಂಟಿಗೆ ಮಾತ್ರ ಹೊಸ ಪುರಾವೆ ಕೊಟ್ಟರೆ ಸಾಕು, ಇಡೀ ಕಥೆಯನ್ನು ಮತ್ತೆ ಹೇಳಬೇಕಿಲ್ಲ. ಮೇಲ್ಮನವಿಗೂ ತನ್ನದೇ ಗಡುವು ಇರುತ್ತದೆ. ಕಾರ್ಮಿಕ ಸಂಘ, ಉಚಿತ ಕಾನೂನು ನೆರವು ಕೇಂದ್ರ ಅಥವಾ ಈ ಕ್ಷೇತ್ರದ ವಕೀಲರನ್ನು ಕಾಣಲು ಇದೇ ಸರಿಯಾದ ಹೊತ್ತು.

ರಾಜಿಯ ಮಾತು ಬಂದಾಗ ಖಾಲಿ ಹಾಳೆಗೆ, ಓದದ ಹಾಳೆಗೆ, ನಿಮಗೆ ಬಾರದ ಭಾಷೆಯ ಹಾಳೆಗೆ ಸಹಿ ಹಾಕಬೇಡಿ. ಇಡುಗಂಟು ಪಡೆದು "ಇನ್ನು ಯಾವ ಹಕ್ಕೂ ಇಲ್ಲ" ಎಂದು ಬರೆದುಕೊಟ್ಟ ಮೇಲೆ, ಮುಂದೆ ಶಸ್ತ್ರಚಿಕಿತ್ಸೆ ಬೇಕಾದರೆ ಆ ಖರ್ಚು ನಿಮ್ಮ ಪಾಲಿಗೇ ಬರಬಹುದು. ಹಾಗಾಗಿ ಸ್ಥಿತಿ ಒಂದು ಹದಕ್ಕೆ ಬಂದು ನಿಂತಿದೆ ಎಂದು ವೈದ್ಯರು ಹೇಳುವ ಮುನ್ನ ಅಂಥ ರಾಜಿ ಬೇಡ. ಕಾನೂನು ಕೊಟ್ಟ ಪರಿಹಾರವನ್ನು ಬಿಟ್ಟುಕೊಡುವ ಒಪ್ಪಂದವನ್ನು ಭಾರತದ ಕಾಯ್ದೆ ಅನೂರ್ಜಿತವೆಂದಿತ್ತು ಮತ್ತು ಇಡುಗಂಟಿನ ಒಪ್ಪಂದವನ್ನು, ಪರಿಹಾರದ ಅರ್ಜಿಗಳನ್ನು ತೀರ್ಮಾನಿಸುವ ಆಯುಕ್ತರ ಬಳಿ ನೋಂದಾಯಿಸಬೇಕೆಂದಿತ್ತು. ಮೊತ್ತ ತೀರಾ ಕಡಿಮೆ ಎನಿಸಿದರೆ ಅವರು ನೋಂದಣಿಯನ್ನೇ ನಿರಾಕರಿಸಬಹುದಿತ್ತು. ಸಾವಿನ ಪರಿಹಾರವನ್ನಂತೂ ಆಯುಕ್ತರ ಬಳಿಯೇ ಠೇವಣಿ ಇಡಬೇಕಿತ್ತು, ಕುಟುಂಬದ ಕೈಗೆ ನೇರವಾಗಿ ಕೊಟ್ಟದ್ದು ಪರಿಹಾರ ಕೊಟ್ಟಂತೆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಮನೆಬಾಗಿಲಿಗೆ ಲಕೋಟೆ ಹಿಡಿದು ಬಂದು ರಸೀದಿಗೆ ಸಹಿ ಕೇಳಿದರೆ, ಆ ಹಣವನ್ನು ಯಾವ ಕಚೇರಿಯ ಮೂಲಕ, ಯಾವ ಕಡತದ ಸಂಖ್ಯೆಯಡಿ ಕೊಡುತ್ತಿದ್ದಾರೆ ಎಂದು ಮೊದಲು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.